ದುಡಿಮೆ, ಕಲಿಕೆ ಮತ್ತು ಅಮಾನತು

ಇತ್ತೀಚೆಗೆ ಒಂದು ರಾತ್ರಿ ಇಶಾ ನಮಾಝ್ ಮುಗಿದು ಜನರೆಲ್ಲ ಮಸೀದಿಯಿಂದ ಹೊರಟುಹೋದ ಮೇಲೂ ಒಬ್ಬ ಯುವಕ ಕಂಬಕ್ಕೊರಗಿ ಹಾಗೆಯೇ ಕುಳಿತಿದ್ದ. ಪಕ್ಕದಲ್ಲಿ ಪುಸ್ತಕದ ಚೀಲ, ಮುಖದಲ್ಲಿ ದಣಿವು. ಮಾತನಾಡಿಸಿದಾಗ ತಾನು ಸಿ.ಎ. ಕಲಿಯುತ್ತಿರುವುದಾಗಿ ಹೇಳಿದ. ಇಂಟರ್‌ಮೀಡಿಯೆಟ್ ಪರೀಕ್ಷೆಯ ಎರಡು ಗ್ರೂಪುಗಳನ್ನೂ ಮೂರನೆಯ ಪ್ರಯತ್ನದಲ್ಲಿ ಮುಗಿಸಿ, ಎಂಟು ತಿಂಗಳಿಂದ ಮಂಗಳೂರಿನ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ತರಬೇತಿ ಪಡೆಯುತ್ತಿದ್ದಾನೆ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದರೆ ಮನೆ ಸೇರುವಾಗ ರಾತ್ರಿ ಎಂಟೂವರೆ. ತಂದೆಗೆ ಒಂದು ಸಣ್ಣ ದಿನಸಿ ಅಂಗಡಿ. ರವಿವಾರ ಅಂಗಡಿಯಲ್ಲಿ ಇವನೇ ಕೂರಬೇಕು.

"ಉಸ್ತಾದ್, ಪುಸ್ತಕ ತೆರೆದರೆ ಅಕ್ಷರ ಕಣ್ಣಿಗೆ ಕಾಣುತ್ತದೆ, ತಲೆಗೆ ಹೋಗುವುದಿಲ್ಲ. ಹೀಗೇ ಆದರೆ ಫೈನಲ್ ಪರೀಕ್ಷೆ ಎಂದೂ ಮುಗಿಯಲಿಕ್ಕಿಲ್ಲ" ಎಂದ. ಸ್ವಲ್ಪ ತಡೆದು ಧ್ವನಿ ತಗ್ಗಿಸಿ ಮುಂದುವರಿಸಿದ. "ಇನ್ನೊಂದು ಕಚೇರಿಯವರು ನನ್ನ ಹೆಸರನ್ನು ಮಾತ್ರ ದಾಖಲಿಸಿಕೊಳ್ಳುತ್ತಾರಂತೆ. ಕೆಲಸಕ್ಕೆ ಹೋಗಬೇಕಾಗಿಲ್ಲ, ತಿಂಗಳಿಗೊಮ್ಮೆ ಹಾಜರಿಗೆ ಸಹಿ ಹಾಕಿ ಬಂದರೆ ಸಾಕು. ಸ್ಟೈಪೆಂಡ್ ಸಿಗುವುದಿಲ್ಲ, ಆದರೆ ಇಡೀ ದಿನ ಓದಬಹುದು. ನನ್ನ ಜೊತೆಯವರಲ್ಲಿ ಕೆಲವರು ಹಾಗೆಯೇ ಮಾಡಿದ್ದಾರೆ. ಕಲಿಕೆಯೂ ಇಬಾದತ್ ತಾನೇ? ಕಲಿಯಲಿಕ್ಕಾಗಿಯೇ ಹೀಗೆ ಮಾಡಿದರೆ ತಪ್ಪೇನು?"

ಪ್ರಿಯ ಓದುಗರೇ, ಈ ಪ್ರಶ್ನೆ ಆ ಹುಡುಗನೊಬ್ಬನದಲ್ಲ. ಇಂದು ನಮ್ಮ ಸಾವಿರಾರು ಮಕ್ಕಳು ಹಗಲು ದುಡಿದು ರಾತ್ರಿ ಕಲಿಯುತ್ತಿದ್ದಾರೆ. ಅವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಈ ಮೆಟ್ಟಲು ಹತ್ತುತ್ತಿರುವ ಮೊದಲಿಗರು. ಮನೆಯಲ್ಲಿ ದಾರಿ ಹೇಳಿಕೊಡುವವರಿಲ್ಲ, ಬೀದಿಯಲ್ಲಿ ಅಡ್ಡದಾರಿ ತೋರಿಸುವವರು ಧಾರಾಳ. ಆದುದರಿಂದ ಆ ರಾತ್ರಿ ನಾನು ಅವನಿಗೆ ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಬಡ್ಡಿಯ ಲೆಕ್ಕ ಬರೆಯುವ ಪ್ರಶ್ನೆ ಪ್ರತ್ಯೇಕವೂ ಗಂಭೀರವೂ ಆದುದು. ಅದನ್ನು ತಮ್ಮ ಕೆಲಸದ ಸ್ವರೂಪ ವಿವರಿಸಿ ಬಲ್ಲ ವಿದ್ವಾಂಸರಲ್ಲಿ ಕೇಳಿ ತಿಳಿಯಬೇಕು. ಇಲ್ಲಿನ ವಿಷಯ ದುಡಿಮೆ ಮತ್ತು ಕಲಿಕೆಯ ನಡುವಿನ ನ್ಯಾಯ.

ಸಹಿಯೆಂದರೆ ಸಾಕ್ಷ್ಯ

ಮೊದಲು ಈ ತರಬೇತಿ ಏಕೆ ಬೇಕೆಂದು ತಿಳಿಯೋಣ. ನಮ್ಮ ದೇಶದಲ್ಲಿ ಲೆಕ್ಕಪರಿಶೋಧಕರ ವೃತ್ತಿಯು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಗೆ ಒಳಪಟ್ಟಿದೆ. ಆ ವರ್ಷದ ಜುಲೈ 1ರಂದು ಸ್ಥಾಪನೆಯಾದ ಸಂಸ್ಥೆಯೇ ಇಂದಿಗೂ ಅದರ ಪರೀಕ್ಷೆಗಳನ್ನು ನಡೆಸುತ್ತಿದೆ. ಆದರೆ ಪರೀಕ್ಷೆಯಲ್ಲಿ ಉತ್ತೀರ್ಣನಾದ ಮಾತ್ರಕ್ಕೆ ಯಾರೂ ಲೆಕ್ಕಪರಿಶೋಧಕನಾಗುವುದಿಲ್ಲ. ಅನುಭವಸ್ಥರ ಕೈಕೆಳಗೆ ನಿಗದಿತ ಕಾಲ ಕೆಲಸ ಮಾಡಿ ಕಲಿಯಬೇಕು. ಮೊದಲು 3 ವರ್ಷವಿದ್ದ ಈ ಅವಧಿಯನ್ನು 2023ರ ಜುಲೈಯಿಂದ ಜಾರಿಗೆ ಬಂದ ಪದ್ಧತಿಯಲ್ಲಿ 2 ವರ್ಷಕ್ಕೆ ಇಳಿಸಲಾಗಿದೆ. ವಾರಕ್ಕೆ ಕನಿಷ್ಠ 35 ಗಂಟೆಯ ಕೆಲಸ ಕಡ್ಡಾಯ. ತರಬೇತಿ ಮುಗಿದು 6 ತಿಂಗಳ ಓದಿನ ಅವಧಿ ಕಳೆದ ಮೇಲೆ ಫೈನಲ್ ಪರೀಕ್ಷೆ.

ಇಷ್ಟೆಲ್ಲ ಕಟ್ಟುಪಾಡು ಏಕೆ? ಏಕೆಂದರೆ ಲೆಕ್ಕಪರಿಶೋಧಕನ ಸಹಿ ಒಂದು ಸಾಕ್ಷ್ಯ. ಆ ಸಹಿಯನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ. ಆ ಸಹಿಯನ್ನು ನಂಬಿ ಒಬ್ಬ ವಿಧವೆ ತನ್ನ ಜೀವಮಾನದ ಉಳಿತಾಯವನ್ನು ಸಹಕಾರಿ ಸಂಘದಲ್ಲಿಡುತ್ತಾಳೆ. ಅವಳಿಗೆ ಅಢಾವೆ ಪತ್ರಿಕೆ ಓದಲು ಬರುವುದಿಲ್ಲ. ಓದಬಲ್ಲ ಒಬ್ಬನು ಓದಿ ನೋಡಿ ಸಹಿ ಹಾಕಿದ್ದಾನೆ ಎಂಬುದೊಂದೇ ಅವಳ ಧೈರ್ಯ. ವೋಚರುಗಳನ್ನು ಕೈಯಾರೆ ತಾಳೆ ನೋಡದವನು, ಗೋದಾಮಿನಲ್ಲಿ ನಿಂತು ಮೂಟೆಗಳನ್ನು ಎಣಿಸದವನು, ನಗದು ಪೆಟ್ಟಿಗೆಯ ಶಿಲ್ಕು ಪುಸ್ತಕದ ಶಿಲ್ಕಿಗೆ ಏಕೆ ಹೊಂದುವುದಿಲ್ಲವೆಂದು ತಲೆಕೆಡಿಸಿಕೊಳ್ಳದವನು ನಾಳೆ ಯಾವ ಧೈರ್ಯದಲ್ಲಿ ಸಾಕ್ಷ್ಯ ನುಡಿದಾನು?

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ನಮಾಝಿನ ಕುರಿತಾದುದಲ್ಲ, ಉಪವಾಸದ ಕುರಿತಾದುದೂ ಅಲ್ಲ. ಅದು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದುದು (2:282). ಬರೆಯುವವನು ನ್ಯಾಯದಿಂದ ಬರೆಯಬೇಕು, ಅಲ್ಲಾಹನು ಕಲಿಸಿದ ವಿದ್ಯೆಯನ್ನು ಉಪಯೋಗಿಸಲು ನಿರಾಕರಿಸಬಾರದು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂದು ಅದು ಆಜ್ಞಾಪಿಸುತ್ತದೆ. ಲೆಕ್ಕ ಬರೆಯುವ ಕೆಲಸವನ್ನು ಕೇವಲ ಹೊಟ್ಟೆಪಾಡೆಂದು ತಿಳಿದವರು ಈ ಸೂಕ್ತವನ್ನು ಮತ್ತೊಮ್ಮೆ ಓದಬೇಕು.

ಹೀಗಿರುವಾಗ, ಸಾಕ್ಷಿಯಾಗಲು ಕಲಿಯುವವನ ಮೊದಲ ಸಹಿಯೇ ಸುಳ್ಳು ಸಾಕ್ಷ್ಯವಾದರೆ? ಬಾರದ ದಿನ ಬಂದೆನೆಂದು, ಮಾಡದ ಕೆಲಸ ಮಾಡಿದೆನೆಂದು ಬರೆದು ಅದರ ಕೆಳಗೆ ಹೆಸರು ಹಾಕಿದರೆ? ಆ ಹಾಜರಿ ಪುಸ್ತಕದ ಮೇಲೆ ಕಟ್ಟಿದ ವೃತ್ತಿಯ ಬುನಾದಿ ಏನಾದೀತು? ಕಾನೂನಿನ ದೃಷ್ಟಿಯಲ್ಲಿಯೂ ಇದು ಅಪರಾಧವೇ. ಸಿಕ್ಕಿಬಿದ್ದರೆ ತರಬೇತಿಯ ಅವಧಿಯೇ ರದ್ದಾಗಬಹುದು. ಆದರೆ ನಾನು ಸಿಕ್ಕಿಬೀಳುವವರ ಮಾತನಾಡುತ್ತಿಲ್ಲ. ಎಂದೂ ಸಿಕ್ಕಿಬೀಳದವನ ಪುಸ್ತಕವೂ ಒಂದು ದಿನ ತೆರೆಯಲಿದೆ. ಸಣ್ಣದನ್ನೂ ದೊಡ್ಡದನ್ನೂ ಬಿಡದೆ ಎಣಿಸಿಟ್ಟ ಆ ಗ್ರಂಥವನ್ನು ಕಂಡು ಅಪರಾಧಿಗಳು ಬೆಚ್ಚಿಬೀಳುವ ದೃಶ್ಯವನ್ನು ಕುರ್‌ಆನ್ ನಮ್ಮ ಕಣ್ಣ ಮುಂದಿಟ್ಟಿದೆ (18:49).

ಕಲಿಕೆ ಇಬಾದತ್ ಎಂಬುದು ಸತ್ಯ. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ದಾರಿ ಹಲಾಲ್ ಆಗುವುದಿಲ್ಲ. ಅಲ್ಲಾಹನು ಶುದ್ಧನು, ಶುದ್ಧವಾದುದನ್ನು ಮಾತ್ರ ಸ್ವೀಕರಿಸುತ್ತಾನೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಕದ್ದ ನೀರಿನಿಂದ ವುಝೂ ಮಾಡಿ ನಮಾಝಿಗೆ ನಿಲ್ಲುವವನನ್ನು ನಾವು ಏನೆನ್ನುತ್ತೇವೆ?

ಮದ್‌ಯನಿನ ಕರಾರು

ದುಡಿಮೆ ಮತ್ತು ಕಲಿಕೆ ಒಂದಕ್ಕೊಂದು ಶತ್ರುಗಳೆಂಬ ಭಾವನೆ ನಮ್ಮ ಯುವಕರಲ್ಲಿ ಬೇರೂರಿದೆ. ಕಚೇರಿಯಲ್ಲಿ ಕಳೆದ ಗಂಟೆಯೆಲ್ಲ ಓದಿನಿಂದ ಕದ್ದ ಗಂಟೆ ಎಂದು ಅವರು ತಿಳಿಯುತ್ತಾರೆ. ಪ್ರವಾದಿಗಳ ಚರಿತ್ರೆ ಬೇರೆಯೇ ಪಾಠ ಹೇಳುತ್ತದೆ.

ಪ್ರವಾದಿ ಮೂಸಾ(ಅ) ಈಜಿಪ್ಟಿನಿಂದ ಪಲಾಯನ ಮಾಡಿ ಮದ್‌ಯನಿಗೆ ಬಂದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಬಾವಿಯ ಬಳಿ ಇಬ್ಬರು ಯುವತಿಯರ ಆಡುಗಳಿಗೆ ನೀರು ಸೇದಿ ಕೊಟ್ಟರು. ಅವರಲ್ಲೊಬ್ಬಳು ತಂದೆಯೊಡನೆ, ಇವರನ್ನು ಕೆಲಸಕ್ಕಿಟ್ಟುಕೊಳ್ಳಿ, ಕೆಲಸಕ್ಕೆ ಅತ್ಯುತ್ತಮನು ಬಲಿಷ್ಠನೂ ಪ್ರಾಮಾಣಿಕನೂ ಆದವನೇ ಎಂದಳು (28:26). ತಂದೆ ಕರಾರಿನ ಮಾತೆತ್ತಿದರು. ಎಂಟು ವರ್ಷ ಕಡ್ಡಾಯ, ಹತ್ತು ಪೂರ್ಣಗೊಳಿಸುವುದು ಮೂಸಾರ(ಅ) ಇಚ್ಛೆಗೆ ಬಿಟ್ಟದ್ದು. ಕಷ್ಟ ಕೊಡುವ ಉದ್ದೇಶ ತನಗಿಲ್ಲವೆಂದೂ ಅವರು ಮಾತು ಕೊಟ್ಟರು. ಮೂಸಾ(ಅ) ಒಪ್ಪಿ ಅಲ್ಲಾಹನನ್ನು ಸಾಕ್ಷಿಯಾಗಿಸಿದರು (28:27-28). ಅವರು ಪೂರೈಸಿದ್ದು ಯಾವ ಅವಧಿ ಎಂದು ಕೇಳಿದಾಗ ಹಝ್ರತ್ ಇಬ್ನು ಅಬ್ಬಾಸ್(ರ), ಎರಡರಲ್ಲಿ ದೀರ್ಘವಾದುದನ್ನೇ ಪೂರೈಸಿದರೆಂದು ಉತ್ತರಿಸಿದ್ದು ಬುಖಾರಿಯಲ್ಲಿದೆ.

ಯೋಚಿಸಿರಿ. ಫಿರ್‌ಔನನ ಅರಮನೆಯಲ್ಲಿ ಬೆಳೆದವರು ಹತ್ತು ವರ್ಷ ಇನ್ನೊಬ್ಬರ ಆಡು ಮೇಯಿಸಿದರು. ಒಂದು ಜನಾಂಗವನ್ನೇ ಮುನ್ನಡೆಸಬೇಕಾಗಿದ್ದವರಿಗೆ ಅದು ಕಾಲಹರಣವಾಗಿತ್ತೇ? ಚದುರಿದ ಮಂದೆಯನ್ನು ತಾಳ್ಮೆಯಿಂದ ಕೂಡಿಸುವ ವಿದ್ಯೆ ಯಾವ ಅರಮನೆಯಲ್ಲಿ ಸಿಗುತ್ತಿತ್ತು? ಕರಾರಿನ ಅವಧಿ ಮುಗಿಸಿ ಹೊರಟ ದಾರಿಯಲ್ಲೇ ಅವರಿಗೆ ತೂರ್ ಪರ್ವತದ ಕಡೆಯಿಂದ ಬೆಳಕು ಕಂಡದ್ದು.

ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಭಂಡಾರಗಳ ಹೊಣೆ ಕೇಳಿದಾಗ ತಮ್ಮ ಎರಡು ಅರ್ಹತೆಗಳನ್ನು ಮುಂದಿಟ್ಟರು: ತಾವು ಕಾಪಾಡಬಲ್ಲವರು ಮತ್ತು ತಿಳಿದವರು (12:55). ಒಂದು ಅಮಾನತು, ಇನ್ನೊಂದು ಜ್ಞಾನ. ಕಾಪಾಡುವ ಗುಣ ಪುಸ್ತಕದಿಂದ ಬರುವುದಿಲ್ಲ, ಕೆಲಸದಲ್ಲಿ ಪಳಗಿ ಬರುತ್ತದೆ. ತಿಳುವಳಿಕೆ ಬರೀ ದುಡಿಮೆಯಿಂದ ಬರುವುದಿಲ್ಲ, ಓದಿನಿಂದ ಬರುತ್ತದೆ. ಜ್ಞಾನವಿಲ್ಲದ ಪ್ರಾಮಾಣಿಕನು ಮೋಸ ಹೋಗುತ್ತಾನೆ. ಪ್ರಾಮಾಣಿಕತೆಯಿಲ್ಲದ ಜ್ಞಾನಿ ಮೋಸ ಮಾಡುತ್ತಾನೆ. ಭಂಡಾರದ ಬೀಗದ ಕೈ ಇಬ್ಬರಿಗೂ ಕೊಡಬಾರದು.

ಉಮರ್(ರ) ಮತ್ತು ಅವರ ನೆರೆಯವರು

ಆದರೆ ದಿನಕ್ಕಿರುವುದು 24 ಗಂಟೆ. ಎರಡನ್ನೂ ನಿಭಾಯಿಸುವುದು ಹೇಗೆ? ಈ ಕಷ್ಟ ಪ್ರವಾದಿ(ಸ)ರವರ ಸಂಗಾತಿಗಳಿಗೂ ಇತ್ತು. ಅವರೆಲ್ಲರೂ ಹಗಲಿರುಳು ಮಸೀದಿಯಲ್ಲಿ ಕುಳಿತಿದ್ದರೆಂದು ಭಾವಿಸಬೇಡಿ. ಮುಹಾಜಿರರು ಮಾರುಕಟ್ಟೆಯಲ್ಲಿ, ಅನ್ಸಾರರು ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದರೆಂದು ಹಝ್ರತ್ ಅಬೂಹುರೈರಾ(ರ) ಹೇಳಿದ್ದಾರೆ.

ಹಝ್ರತ್ ಉಮರ್(ರ) ಆಗ ಮದೀನದ ಹೊರವಲಯದ ಎತ್ತರದ ಪ್ರದೇಶದಲ್ಲಿ ವಾಸವಾಗಿದ್ದರು. ಅಲ್ಲಿಂದ ಪ್ರತಿದಿನ ಪ್ರವಾದಿ(ಸ)ರವರ ಸನ್ನಿಧಿಗೆ ಬರುವುದು ಸಾಧ್ಯವಿರಲಿಲ್ಲ. ಅವರೂ ಅವರ ಅನ್ಸಾರಿ ನೆರೆಯವರೂ ಒಂದು ಏರ್ಪಾಡು ಮಾಡಿಕೊಂಡರು. ಒಂದು ದಿನ ಇವರು ಹೋಗುವುದು, ಮರುದಿನ ಅವರು ಹೋಗುವುದು. ಹೋದವರು ಅಂದು ಅವತೀರ್ಣವಾದ ವಚನಗಳನ್ನೂ ಇತರ ಸುದ್ದಿಗಳನ್ನೂ ಸಂಜೆ ಬಂದು ಮತ್ತೊಬ್ಬರಿಗೆ ತಿಳಿಸುವುದು. ಇಮಾಮ್ ಬುಖಾರಿಯವರು ತಮ್ಮ ಗ್ರಂಥದ ಜ್ಞಾನದ ಅಧ್ಯಾಯದಲ್ಲಿ, ಸರದಿಯಂತೆ ಕಲಿಯುವ ಕುರಿತಾದ ಭಾಗದಲ್ಲಿ ಇದನ್ನು ದಾಖಲಿಸಿದ್ದಾರೆ.

ಈ ಏರ್ಪಾಡಿನಲ್ಲಿ ಮೂರು ವಿಷಯಗಳಿವೆ. ಒಂದು, ಉಮರ್(ರ) ದುಡಿಮೆಯನ್ನೂ ಬಿಡಲಿಲ್ಲ, ಕಲಿಕೆಯನ್ನೂ ಬಿಡಲಿಲ್ಲ. ಎರಡು, ಹೋಗದ ದಿನ ಹೋದೆನೆಂದು ತೋರಿಸಿಕೊಳ್ಳಲಿಲ್ಲ. ಕೊರತೆಯನ್ನು ಒಪ್ಪಿಕೊಂಡು ಅದನ್ನು ತುಂಬುವ ದಾರಿ ಹುಡುಕಿದರು. ಮೂರು, ಒಬ್ಬರೇ ಹೊರಲಾರದ ಭಾರವನ್ನು ಇಬ್ಬರು ಹಂಚಿಕೊಂಡರು. ಇಂದಿನ ನಮ್ಮ ಮಕ್ಕಳು ತಮ್ಮ ಹೊರೆಯನ್ನು ಒಂಟಿಯಾಗಿ ಹೊರುತ್ತಾರೆ. ಒಂದೇ ಕಚೇರಿಯ ಇಬ್ಬರು ಒಂದೇ ಪುಸ್ತಕದ ಅದೇ ಅಧ್ಯಾಯದ ಮುಂದೆ ಬೇರೆ ಬೇರೆ ಮನೆಗಳಲ್ಲಿ ಕುಳಿತು ತೂಕಡಿಸುತ್ತಾರೆ. ಒಬ್ಬನು ಕಂಪೆನಿ ಕಾನೂನಿನ ಒಂದು ಅಧ್ಯಾಯ ಓದಿ ಮತ್ತೊಬ್ಬನಿಗೆ ಹೇಳಲಿ, ಇನ್ನೊಬ್ಬನು ತೆರಿಗೆಯದನ್ನು ಓದಿ ಇವನಿಗೆ ಹೇಳಲಿ. ಬೇರೆಯವರಿಗೆ ಹೇಳಬೇಕೆಂದು ಓದಿದ್ದು ಮರೆಯುವುದೂ ಕಡಿಮೆ.

ಮಾರಿದ ಗಂಟೆ, ಉಳಿದ ಗಂಟೆ

ಸಮತೋಲನವೆಂದರೆ ದಿನವನ್ನು ಸರಿ ಅರ್ಧಕ್ಕೆ ಸೀಳುವುದಲ್ಲ. ಪ್ರತಿಯೊಂದು ಗಂಟೆಗೂ ಒಬ್ಬ ಹಕ್ಕುದಾರನಿದ್ದಾನೆ, ಆ ಗಂಟೆಯನ್ನು ಅವನಿಗೇ ಕೊಡುವುದೇ ಸಮತೋಲನ. ಕರಾರಿಗೆ ಸಹಿ ಹಾಕಿದ ದಿನ ನೀವು ಕೆಲವು ಗಂಟೆಗಳನ್ನು ಮಾರಿದ್ದೀರಿ. ಅವು ನಿಮ್ಮವಲ್ಲ. ಆ ಗಂಟೆಗಳಲ್ಲಿ ಕಡತದ ಕೆಳಗೆ ಪಠ್ಯಪುಸ್ತಕ ಬಚ್ಚಿಟ್ಟು ಓದುವುದು ಅಳತೆಯಲ್ಲಿ ವಂಚಿಸಿದಂತೆ. ಅಳೆದು ಪಡೆಯುವಾಗ ಪೂರ್ಣ ಪಡೆದು, ಅಳೆದು ಕೊಡುವಾಗ ಕಡಿತ ಮಾಡುವವರಿಗೆ ಕುರ್‌ಆನ್ ವಿನಾಶದ ಎಚ್ಚರಿಕೆ ಕೊಟ್ಟಿದೆ (83:1-3). ತಕ್ಕಡಿ ಅಕ್ಕಿ ಮಾರುವವನ ಕೈಯಲ್ಲಿ ಮಾತ್ರವಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಓದಲು ಹಿರಿಯರ ಅನುಮತಿಯಿದ್ದರೆ ಬಹಿರಂಗವಾಗಿ ಓದಿರಿ. ಝುಹ್ರ್ ಮತ್ತು ಅಸ್ರ್ ನಮಾಝಿನ ಸಮಯವನ್ನೂ ಹಾಗೆಯೇ ಬಾಯ್ತೆರೆದು ಕೇಳಿ ಪಡೆಯಿರಿ. ನಮಾಝಿಗೆಂದು ಹೋಗಿ ಅರ್ಧ ಗಂಟೆ ಚಹಾದಂಗಡಿಯಲ್ಲಿ ಕುಳಿತು ನಮಾಝಿನ ಹೆಸರು ಕೆಡಿಸಬೇಡಿ.

ಗ್ರಾಹಕರ ಅಂಗಡಿ, ಕಾರ್ಖಾನೆಗಳಿಗೆ ಲೆಕ್ಕ ತಪಾಸಣೆಗೆ ಹೋದಾಗ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಊಟ, ಉಡುಗೊರೆ, ಹಬ್ಬದ ಲಕೋಟೆ. ಸ್ಟೈಪೆಂಡು ಕಡಿಮೆ ಎಂಬ ನೆಪ ಮನಸ್ಸಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಬನೂ ಸುಲೈಮ್ ಗೋತ್ರದ ಝಕಾತ್ ಸಂಗ್ರಹಕ್ಕೆ ಕಳುಹಿಸಲ್ಪಟ್ಟ ಅಧಿಕಾರಿಯೊಬ್ಬರು ಮರಳಿದಾಗ ಪ್ರವಾದಿ(ಸ) ಅವರಿಂದ ಲೆಕ್ಕ ಕೇಳಿದರು. ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದು ಅವರು ಬೇರ್ಪಡಿಸಿ ತೋರಿಸಿದರು. ಆಗ ಪ್ರವಾದಿ(ಸ), ತಂದೆತಾಯಿಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಈ ಉಡುಗೊರೆ ಹುಡುಕಿಕೊಂಡು ಬರುತ್ತಿತ್ತೇ ಎಂದು ಪ್ರಶ್ನಿಸಿದರು. ಆ ಬಳಿಕ ಜನರನ್ನು ಉದ್ದೇಶಿಸಿ ಕಟುವಾಗಿ ಎಚ್ಚರಿಸಿದರು. ಲೆಕ್ಕಪರಿಶೋಧನೆಯ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ? ಆ ಲಕೋಟೆ ನಿಮ್ಮ ಮುಖ ನೋಡಿ ಬಂದದ್ದಲ್ಲ, ನಿಮ್ಮ ಕೈಯಲ್ಲಿರುವ ಪೆನ್ನು ನೋಡಿ ಬಂದದ್ದು.

ಇನ್ನು ಉಳಿದ ಗಂಟೆಗಳು. ಅವುಗಳಿಗೂ ಹಕ್ಕುದಾರರಿದ್ದಾರೆ: ಅಲ್ಲಾಹನು, ನಿಮ್ಮ ದೇಹ, ನಿಮ್ಮ ಮನೆಯವರು, ನಿಮ್ಮ ಓದು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟಿದ್ದ ಹಝ್ರತ್ ಅಬುದ್ದರ್ದಾ(ರ)ರನ್ನು ಅವರ ಮಿತ್ರ ಹಝ್ರತ್ ಸಲ್ಮಾನ್(ರ) ತಡೆದರು. ಪ್ರಭುವಿನ ಹಕ್ಕಿನಂತೆ ದೇಹಕ್ಕೂ ಮನೆಯವರಿಗೂ ಹಕ್ಕಿದೆ, ಹಕ್ಕಿರುವ ಪ್ರತಿಯೊಬ್ಬರಿಗೂ ಅವರ ಹಕ್ಕು ಸಲ್ಲಿಸಬೇಕು ಎಂದು ತಿಳಿಹೇಳಿದರು. ವಿಷಯ ಪ್ರವಾದಿ(ಸ)ರವರಿಗೆ ತಲುಪಿದಾಗ ಸಲ್ಮಾನ್ ಹೇಳಿದ್ದೇ ಸರಿಯೆಂದರು. ರಾತ್ರಿಯ ಆರಾಧನೆಗೇ ಮಿತಿಯಿರುವಾಗ, ನಿದ್ದೆಗೆಟ್ಟು ಓದಿ ಮರುದಿನ ಕಚೇರಿಯಲ್ಲಿ ತೂಕಡಿಸುವುದು ಯಾವ ಪುಣ್ಯ?

ಹಾಗಾದರೆ ಓದುವುದು ಯಾವಾಗ? ಈ ಸಮುದಾಯದ ಮುಂಜಾವಿನಲ್ಲಿ ಸಮೃದ್ಧಿಯುಂಟಾಗಲೆಂದು ಪ್ರವಾದಿ(ಸ) ಪ್ರಾರ್ಥಿಸಿದ್ದಾರೆ. ಆ ಹದೀಸನ್ನು ವರದಿ ಮಾಡಿದ ಹಝ್ರತ್ ಸಖ್ರ್(ರ) ವ್ಯಾಪಾರಿಯಾಗಿದ್ದರು. ಅವರು ತಮ್ಮ ಸರಕನ್ನು ಮುಂಜಾನೆಯೇ ಕಳುಹಿಸುತ್ತಿದ್ದರು ಮತ್ತು ಶ್ರೀಮಂತರಾದರು. ಸುಬ್‌ಹ್ ನಮಾಝಿನ ಬಳಿಕ ಮನೆ ಮೌನವಾಗಿರುವ ಆ ಹೊತ್ತಿನಲ್ಲಿ 45 ನಿಮಿಷ ಓದಿರಿ. ಅದು ಅಲ್ಪವೆಂದು ತೋರಬಹುದು. ನೀವು ಲೆಕ್ಕದ ವಿದ್ಯಾರ್ಥಿಗಳಲ್ಲವೇ, ಗುಣಿಸಿ ನೋಡಿರಿ: ವರ್ಷದ 300 ದಿನಗಳಿಗೆ 225 ಗಂಟೆ! ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂಬ ಪ್ರವಾದಿ ಬೋಧನೆ ತಸ್ಬೀಹಿಗೆ ಮಾತ್ರ ಸೀಮಿತವಲ್ಲ. ರಾತ್ರಿ ಹಾಸಿಗೆಯಲ್ಲಿ ಮೊಬೈಲ್ ನೋಡುತ್ತಾ ಕಳೆಯುವ ಒಂದು ಗಂಟೆಯನ್ನು ಮುಂಜಾವಿಗೆ ವರ್ಗಾಯಿಸಿದರೆ ಸಾಕು. ಸಮಯವಿಲ್ಲವೆನ್ನುವವನು ಮೊದಲು ತನ್ನ ಸಮಯದ ಖರ್ಚಿನ ಪಟ್ಟಿಯನ್ನು ತಪಾಸಣೆ ಮಾಡಲಿ.

ಇನ್ನೊಂದು ಗುಟ್ಟಿದೆ. ಕಚೇರಿಯ ಕೆಲಸವನ್ನೇ ಓದಿನ ಬಾಗಿಲಾಗಿಸಿಕೊಳ್ಳಿ. ಇಂದು ಗೋದಾಮಿನ ದಾಸ್ತಾನು ಎಣಿಸಲು ಹೋಗಿದ್ದೀರಾ? ದಾಸ್ತಾನಿನ ಪುರಾವೆಯ ಕುರಿತಾದ 501ನೆಯ ಆಡಿಟ್ ಮಾನದಂಡವನ್ನು ನಾಳೆ ಮುಂಜಾನೆ ಓದಿರಿ. ಬಾಕಿದಾರರಿಗೆ ಖಾತೆ ದೃಢೀಕರಣದ ಪತ್ರ ಬರೆದಿರಾ? 505ನೆಯದನ್ನು ಓದಿರಿ. ಕೈ ಮಾಡಿದ್ದನ್ನು ಕಣ್ಣು ಓದಿದರೆ ಮನಸ್ಸು ಹಿಡಿದುಕೊಳ್ಳುತ್ತದೆ. ಜಿ.ಎಸ್.ಟಿ. ಲೆಕ್ಕಪತ್ರ ಸಲ್ಲಿಸುವ ತಿಂಗಳ 11 ಮತ್ತು 20ನೆಯ ತಾರೀಕುಗಳ ಆಸುಪಾಸಿನಲ್ಲಿ, ತೆರಿಗೆ ಆಡಿಟ್ ವರದಿಯ ಸೆಪ್ಟೆಂಬರ್ ತಿಂಗಳಲ್ಲಿ ಓದು ಸಾಗುವುದಿಲ್ಲವೆಂದು ಮೊದಲೇ ತಿಳಿದಿದೆ. ಆ ದಿನಗಳಲ್ಲಿ ಕಡಿಮೆ ಓದಿ, ಬಿಡುವಿನ ತಿಂಗಳುಗಳಲ್ಲಿ ಹೆಚ್ಚು ಓದಿರಿ. ಏಳು ಸಮೃದ್ಧ ವರ್ಷಗಳಲ್ಲಿ ಕೂಡಿಟ್ಟು ಏಳು ಬರಗಾಲದ ವರ್ಷಗಳನ್ನು ದಾಟಿಸಿದ ಯೂಸುಫ್(ಅ)ರ ಯೋಜನೆಯೂ ಇದೇ ಅಲ್ಲವೇ?

ಕಲಿಸುವವರಿಗೂ ಒಂದು ಮಾತು

ಹುಡುಗರಿಗೆ ಮಾತ್ರ ಉಪದೇಶಿಸಿ ನಿಲ್ಲಿಸಿದರೆ ಅನ್ಯಾಯವಾದೀತು. ತರಬೇತಿಯ ಕರಾರಿಗೆ ಎರಡು ಕಡೆಗಳಿವೆ. ಹುಡುಗನು ದುಡಿಯುವನೆಂದು ಎಷ್ಟು ನಿಜವೋ ಹಿರಿಯನು ಕಲಿಸುವನೆಂಬುದೂ ಅಷ್ಟೇ ನಿಜ. ಎರಡು ವರ್ಷವೂ ಕಾಗದ ನಕಲು ಮಾಡಿಸಿ, ಬ್ಯಾಂಕಿಗೆ ಓಡಾಡಿಸಿ, ಕತ್ತಲಾಗುವವರೆಗೆ ಕೂರಿಸಿ, ಏನನ್ನೂ ಕಲಿಸದೆ ಕಳುಹಿಸುವವನು ಹುಡುಗನ ಅಮಾನತನ್ನು ನುಂಗಿದ್ದಾನೆ. ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದೆಂಬ ಆಜ್ಞೆ ಅದೇ ದೀರ್ಘ ಸೂಕ್ತದ ಕೊನೆಯಲ್ಲಿದೆ (2:282). ಕೈಕೆಳಗಿನವರು ನಿಮ್ಮ ಸಹೋದರರು, ಅವರ ಶಕ್ತಿ ಮೀರಿದ ಕೆಲಸ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿ(ಸ)ರವರ ಆದೇಶ. ಹುಡುಗರು ಸುಳ್ಳು ಹಾಜರಿಯ ದಾರಿ ಹಿಡಿಯುವುದಕ್ಕೆ ಕೆಲವೊಮ್ಮೆ ಪ್ರಾಮಾಣಿಕ ಕಚೇರಿಗಳ ನಿರ್ದಯತೆಯೂ ಕಾರಣವೆಂಬುದನ್ನು ಹಿರಿಯರು ಮರೆಯಬಾರದು.

ಈ ವಿಷಯದಲ್ಲಿ ಇಮಾಮ್ ಅಬೂಹನೀಫಾರವರು ನಮಗೆ ಮಾದರಿ. ಅವರು ಕೂಫಾದ ಬಟ್ಟೆ ವ್ಯಾಪಾರಿಯಾಗಿದ್ದರು, ಜೊತೆಗೆ ಮಹಾನ್ ವಿದ್ವಾಂಸರು. ಅವರ ಬಳಿ ಕಲಿಯಲು ಬರುತ್ತಿದ್ದ ಒಬ್ಬ ಹುಡುಗ ಬಡವ. ದುಡಿಯಬೇಕಾದ ಮಗ ಪಾಠ ಕೇಳುತ್ತಾ ಕುಳಿತರೆ ಮನೆ ನಡೆಯುವುದು ಹೇಗೆಂದು ಮನೆಯವರು ಅವನನ್ನು ತಡೆದರು. ಹುಡುಗ ಬಾರದಿರುವುದನ್ನು ಗಮನಿಸಿದ ಇಮಾಮರು ವಿಚಾರಿಸಿ ಕಾರಣ ತಿಳಿದು, ಅವನ ಖರ್ಚಿಗೆ ಹಣ ಕೊಟ್ಟು, ಮುಗಿದಂತೆ ಮತ್ತೆ ಕೊಡುತ್ತಾ ಓದಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಆ ಹುಡುಗನೇ ಮುಂದೆ ಖಲೀಫಾ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾದ ಇಮಾಮ್ ಅಬೂಯೂಸುಫ್. ರಾಜ್ಯದ ಕಂದಾಯವನ್ನು ನ್ಯಾಯವಾಗಿ ವಸೂಲು ಮಾಡಿ ನ್ಯಾಯವಾಗಿ ಖರ್ಚು ಮಾಡುವ ಕುರಿತು ಅವರು ಬರೆದ 'ಕಿತಾಬುಲ್ ಖರಾಜ್' ಇಂದಿಗೂ ಉಳಿದಿದೆ. ಒಬ್ಬ ಗುರು ಒಂದು ಖಾಲಿ ಜಾಗವನ್ನು ಗಮನಿಸದೆ ಇದ್ದಿದ್ದರೆ?

ಹೆತ್ತವರೂ ಯೋಚಿಸಬೇಕು. ಫಲಿತಾಂಶ ಬಂದ ದಿನ ಮಾತ್ರ ಮಗನ ಓದಿನ ನೆನಪಾಗುವುದು, ಪಕ್ಕದ ಮನೆಯವನು ಗಲ್ಫಿನಿಂದ ಕಳುಹಿಸುವ ಹಣದ ಲೆಕ್ಕ ಹೇಳಿ ಚುಚ್ಚುವುದು, ಇವು ಮಕ್ಕಳನ್ನು ಅಡ್ಡದಾರಿಗೆ ತಳ್ಳುತ್ತವೆ. ರವಿವಾರದ ಅಂಗಡಿಯಿಂದ ಅವನಿಗೆ ಅರ್ಧ ದಿನ ಬಿಡುವು ಕೊಡಿರಿ. ಅದೂ ಸದಕವೇ.

ಸೋಲು ಮತ್ತು ಸುಳ್ಳು

ಕೊನೆಯದಾಗಿ ಸೋಲಿನ ಮಾತು. ಈ ಪರೀಕ್ಷೆಯಲ್ಲಿ ಪ್ರತಿ ವಿಷಯದಲ್ಲೂ ಶೇಕಡಾ 40, ಗ್ರೂಪಿನ ಒಟ್ಟು ಅಂಕಗಳಲ್ಲಿ ಶೇಕಡಾ 50 ಬರಬೇಕು. ಒಂದೊಂದು ಅಂಕದಿಂದ ಜಾರಿದವರಿದ್ದಾರೆ, ನಾಲ್ಕೈದು ಬಾರಿ ಬರೆದವರಿದ್ದಾರೆ. ಅದರಲ್ಲಿ ಅವಮಾನವೇನೂ ಇಲ್ಲ. ಅಲ್ಲಾಹನು ಪರಲೋಕದಲ್ಲಿ ಎಷ್ಟನೆಯ ಪ್ರಯತ್ನದಲ್ಲಿ ಪಾಸಾದೆ ಎಂದು ಕೇಳುವುದಿಲ್ಲ. ಯೌವನವನ್ನು ಎಲ್ಲಿ ಕಳೆದೆ, ಕಲಿತದ್ದನ್ನು ಏನು ಮಾಡಿದೆ, ಸಂಪತ್ತನ್ನು ಹೇಗೆ ಗಳಿಸಿ ಹೇಗೆ ಖರ್ಚು ಮಾಡಿದೆ ಎಂದು ಕೇಳುವನು. ಸೋಲನ್ನು ಮುಂದಿನ ಪರೀಕ್ಷೆಯಲ್ಲಿ ತಿದ್ದಬಹುದು. ಸುಳ್ಳಿನ ಸಹಿಯನ್ನು ಯಾವ ಪರೀಕ್ಷೆಯೂ ತಿದ್ದುವುದಿಲ್ಲ, ತೌಬಾ ಮಾಡಿ ಆ ದಾರಿಯಿಂದ ಹಿಂದಿರುಗಬೇಕು.

ನಿಮ್ಮ ಮೇಲೆ ಲೆಕ್ಕ ಕೇಳಲ್ಪಡುವ ಮೊದಲು ನೀವೇ ನಿಮ್ಮ ಲೆಕ್ಕ ನೋಡಿಕೊಳ್ಳಿ ಎಂಬುದು ಹಝ್ರತ್ ಉಮರ್(ರ)ರವರ ಪ್ರಸಿದ್ಧ ಉಪದೇಶದ ಸಾರ. ನಮ್ಮ ಅಂಗಡಿಗಳಲ್ಲಿ ದಿನದ ಕೊನೆಗೆ ಕಿರ್ದಿ ಬರೆದು ಶಿಲ್ಕು ತೆಗೆಯುವ ಪದ್ಧತಿಯಿದೆ. ಶಿಲ್ಕು ತಾಳೆಯಾಗದೆ ಒಳ್ಳೆಯ ವ್ಯಾಪಾರಿ ಬಾಗಿಲು ಹಾಕುವುದಿಲ್ಲ. ಮಲಗುವ ಮೊದಲು ಐದು ನಿಮಿಷ ನಿಮ್ಮ ದಿನದ ಕಿರ್ದಿ ಬರೆಯಿರಿ. ಮಾರಿದ ಗಂಟೆಗಳನ್ನು ಪೂರ್ಣವಾಗಿ ಕೊಟ್ಟೆನೇ? ಉಳಿದ ಗಂಟೆಗಳಲ್ಲಿ ಯಾರ ಹಕ್ಕು ಬಾಕಿ ಉಳಿಯಿತು? ಬಾಕಿಯಿದ್ದರೆ ನಾಳೆಯ ಪುಟದಲ್ಲಿ ಮೊದಲು ಅದನ್ನೇ ತೀರಿಸಿರಿ.

ಆ ಯುವಕ ಎರಡು ವಾರಗಳ ಬಳಿಕ ಮತ್ತೆ ಸಿಕ್ಕಿದ. ಸುಳ್ಳು ಹಾಜರಿಯ ಕಚೇರಿಗೆ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದನಂತೆ. ಧೈರ್ಯ ಮಾಡಿ ತನ್ನ ಹಿರಿಯರ ಎದುರು ಕುಳಿತು ಕಷ್ಟ ಹೇಳಿಕೊಂಡಿದ್ದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಲಸದ ಒತ್ತಡವಿಲ್ಲದ ದಿನಗಳಲ್ಲಿ ವಾರಕ್ಕೆ ಮೂರು ದಿನ ಐದೂವರೆಗೆ ಹೊರಡಲು ಒಪ್ಪಿದರಂತೆ. ಅದೇ ಕಚೇರಿಯಲ್ಲಿ ಕಲಿಯುವ ಇನ್ನೊಬ್ಬ ಹುಡುಗ ಮುಸ್ಲಿಮನಲ್ಲ. ಅವನಿಗೂ ಅದೇ ಕಷ್ಟ. ಈಗ ಇಬ್ಬರೂ ಅಧ್ಯಾಯಗಳನ್ನು ಹಂಚಿಕೊಂಡು ಓದುತ್ತಾರೆ, ಬಸ್ಸಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. "ಉಮರ್(ರ) ಮತ್ತು ಅವರ ನೆರೆಯವರ ಕಥೆಯನ್ನು ಅವನಿಗೂ ಹೇಳಿದೆ ಉಸ್ತಾದ್. ಬಹಳ ಇಷ್ಟಪಟ್ಟ" ಎಂದು ನಕ್ಕ.

ಅವನ ಫೈನಲ್ ಪರೀಕ್ಷೆ ಇನ್ನೂ ದೂರವಿದೆ. ಪಾಸಾಗುವನೋ ಇಲ್ಲವೋ ಅಲ್ಲಾಹನೇ ಬಲ್ಲನು. ಹಿರಿಯರು ಆ ದಿನ ಒಪ್ಪದೆ ಇದ್ದಿದ್ದರೂ ಅವನ ತೀರ್ಮಾನ ಸರಿಯೇ ಆಗಿರುತ್ತಿತ್ತು. ಸರಿಯಾದ ದಾರಿಗೆ ತಕ್ಷಣದ ಲಾಭದ ಸಾಕ್ಷ್ಯ ಬೇಕಾಗಿಲ್ಲ. ಆದರೆ ಒಂದು ಪರೀಕ್ಷೆಯಲ್ಲಿ ಅವನು ಆಗಲೇ ಉತ್ತೀರ್ಣನಾಗಿದ್ದಾನೆಂದು ನನಗೆ ತೋರುತ್ತದೆ. ಅದರ ಅಂಕಪಟ್ಟಿ ಬರೆಯುವ ಗೌರವಾನ್ವಿತ ಲೇಖಕರು ಬೇರೆಯೇ ಇದ್ದಾರೆ (82:10-12).

ಓ ಅಲ್ಲಾಹ್, ದುಡಿದು ಕಲಿಯುವ ನಮ್ಮ ಮಕ್ಕಳ ಸಮಯದಲ್ಲಿ ಸಮೃದ್ಧಿ ನೀಡು. ಅವರ ಕೈಗಳನ್ನು ಶುದ್ಧವಾಗಿಡು, ಅವರ ಸಹಿಗಳನ್ನು ಸತ್ಯವಾಗಿಡು. ಅವರಿಗೆ ಕಲಿಸುವವರ ಹೃದಯಗಳಲ್ಲಿ ಕರುಣೆ ತುಂಬು. ನಮ್ಮೆಲ್ಲರ ಲೆಕ್ಕವನ್ನು ಆ ದಿನ ಹಗುರಗೊಳಿಸು. ಆಮೀನ್.